ಅಂಗೈಯಗಲದ ಎಂಜಿನ್‌ಗೆ ಶ್ರುತಿ ಹಿಡಿಯುವುದು



ಪರದೆಯ ಮೇಲೆ ನೀವು ನೋಡಿದ ವಿಮಾನದ ರೆಕ್ಕೆ, ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದೂವರೆ ಮೀಟರ್. ತೂಕ ಎರಡು ಕಿಲೋಗ್ರಾಂಗಿಂತ ತುಸು ಹೆಚ್ಚು. ಅದನ್ನು ಎಳೆದುಕೊಂಡು ಹೋಗುವ ಎಂಜಿನ್ನನ್ನು ಅಂಗೈಯ ಮೇಲೆ ಇಟ್ಟುಕೊಳ್ಳಬಹುದು. ಅದರ ಸಿಲಿಂಡರಿನ ಗಾತ್ರ 6.5 ಘನ ಸೆಂಟಿಮೀಟರ್, ಅಂದರೆ ಎರಡು ಟೀ ಚಮಚದಷ್ಟೂ ಇಲ್ಲ. ಅಮೆರಿಕದವರ ಲೆಕ್ಕದಲ್ಲಿ ಇದು 0.40 ಘನ ಅಂಗುಲ. ಆದ್ದರಿಂದ ಹವ್ಯಾಸಿಗಳ ಬಾಯಲ್ಲಿ ಇದಕ್ಕೆ ಬರೀ 'ಫಾರ್ಟಿ' ಎಂದೇ ಹೆಸರು. ಇಷ್ಟು ಪುಟ್ಟ ಯಂತ್ರ ನಿಮಿಷಕ್ಕೆ 12,000 ಸುತ್ತು ತಿರುಗುತ್ತದೆ. ನೀವು ಒಂದು ಸಲ ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಅದು ಹತ್ತಾರು ಸುತ್ತು ಮುಗಿಸಿರುತ್ತದೆ.

ಈ ಎಂಜಿನ್ನಿಗೆ ಶ್ರುತಿ ಹಿಡಿಯುವುದು ಹೇಗೆ, ಅದು ಹಟ ಹಿಡಿದಾಗ ಕಾರಣವನ್ನು ಹುಡುಕುವುದು ಹೇಗೆ ಎಂಬುದೇ ಇಂದಿನ ಮಾತು. ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇದೆ. ಚಿತ್ರೀಕರಣದ ಮೊದಲ ದಿನ ಈ ವಿಮಾನ ನೆಲಕ್ಕೆ ಬಿತ್ತು. ಬೀಳಿಸಿದವನು ಅದನ್ನು ಹಾರಿಸುತ್ತಿದ್ದ ಹುಡುಗನಲ್ಲ, ನಾನು. ಅದು ಹೇಗೆಂದು ಹೇಳುವ ಮೊದಲು ಎಂಜಿನ್ನಿನ ಒಳಗೆ ಒಂದಿಷ್ಟು ಇಣುಕಿ ನೋಡಬೇಕು.

ಇದು ಎರಡು ಹೊಡೆತದ ಎಂಜಿನ್, ಅಂದರೆ ಟೂ ಸ್ಟ್ರೋಕ್. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಮೋಟಾರ್ ಸೈಕಲ್ಲನ್ನೋ ಲೂನಾವನ್ನೋ ಓಡಿಸಿದ ಸೋದರಮಾವನೊಬ್ಬ ನಿಮ್ಮ ಮನೆಯಲ್ಲಿದ್ದರೆ ಅವರನ್ನು ಕೇಳಿ, ಪೆಟ್ರೋಲಿಗೆ ಎಣ್ಣೆ ಬೆರೆಸಿಕೊಳ್ಳುತ್ತಿದ್ದ ಕಥೆ ಹೇಳುತ್ತಾರೆ. ಇಲ್ಲಿಯೂ ಹಾಗೆಯೇ, ಇಂಧನದ ಜೊತೆಯಲ್ಲೇ ಎಣ್ಣೆ ಬರುತ್ತದೆ. ಬೇರೆ ಎಣ್ಣೆಯ ಬಾವಿ ಇಲ್ಲ. ವ್ಯತ್ಯಾಸವೆಂದರೆ ಇಂಧನ ಪೆಟ್ರೋಲ್ ಅಲ್ಲ, ಮೆಥನಾಲ್. ಅದರಲ್ಲಿ ಸುಮಾರು ಐದನೆಯ ಒಂದು ಪಾಲು ಎಣ್ಣೆ: ಶುದ್ಧೀಕರಿಸಿದ ಹರಳೆಣ್ಣೆ, ಇಲ್ಲವೇ ಕೃತಕ ಎಣ್ಣೆ, ಅಥವಾ ಎರಡರ ಮಿಶ್ರಣ. ಜೊತೆಗೆ ಕೆಲವರು ನೂರಕ್ಕೆ ಐದೋ ಹತ್ತೋ ಹದಿನೈದೋ ಪಾಲು ನೈಟ್ರೋಮೀಥೇನ್ ಸೇರಿಸುತ್ತಾರೆ. ಹರಳೆಣ್ಣೆಯ ಹೆಸರು ಕೇಳಿ ನಗಬೇಡಿ. ಮೊದಲ ಮಹಾಯುದ್ಧದ ರೋಟರಿ ಎಂಜಿನ್ನಿನ ವಿಮಾನಗಳಿಗೂ ಅದೇ ಎಣ್ಣೆ. ಆದರೆ ಅಜ್ಜಿಯ ಕಪಾಟಿನ ಹರಳೆಣ್ಣೆಯನ್ನು ಇದಕ್ಕೆ ಹಾಕುವ ಸಾಹಸಕ್ಕೆ ಕೈ ಹಾಕಬೇಡಿ. ಅದರಲ್ಲಿರುವ ಅಂಟು ಮತ್ತು ತೇವ ಎಂಜಿನ್ನಿಗೆ ಆಗಿಬರುವುದಿಲ್ಲ.

ಈ ಎಂಜಿನ್ನಿನ ನಿಜವಾದ ಸೋಜಿಗ ಅದರ ಪ್ಲಗ್. ಮೋಟಾರ್ ಸೈಕಲ್ಲಿನ ಸ್ಪಾರ್ಕ್ ಪ್ಲಗ್ಗಿಗೆ ಪ್ರತಿ ಸಲವೂ ವಿದ್ಯುತ್ ಕಿಡಿ ಬೇಕು. ಗ್ಲೋ ಪ್ಲಗ್ಗಿಗೆ ಬೇಡ. ಅದರ ಹೊಟ್ಟೆಯಲ್ಲಿ ಕೂದಲೆಳೆಯಂಥ ಪ್ಲಾಟಿನಂ ಮಿಶ್ರಲೋಹದ ತಂತಿಯ ಸುರುಳಿಯಿದೆ. ಚಾಲನೆ ಕೊಡುವಾಗ ಸುಮಾರು ಒಂದೂವರೆ ವೋಲ್ಟಿನ ಸೆಲ್ಲಿನಿಂದ ಅದನ್ನು ಕೆಂಪಗೆ ಕಾಯಿಸುತ್ತೇವೆ. ಎಂಜಿನ್ ಓಡತೊಡಗಿದ ಮೇಲೆ ಸೆಲ್ಲನ್ನು ತೆಗೆದುಬಿಡುತ್ತೇವೆ. ಆದರೂ ಸುರುಳಿ ಆರುವುದಿಲ್ಲ, ಎಂಜಿನ್ ನಿಲ್ಲುವುದಿಲ್ಲ. ಏಕೆ?

ಗಣಿ ಕಾರ್ಮಿಕರ ಸುರಕ್ಷಾ ದೀಪದಿಂದ ನಿಮಗೆ ಪರಿಚಿತರಾದ ಹಂಫ್ರಿ ಡೇವಿ ಅವರು 1817ರಲ್ಲೇ ಇದಕ್ಕೆ ಉತ್ತರ ಕಂಡಿದ್ದರು. ಕಲ್ಲಿದ್ದಲ ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಬಿಸಿ ಪ್ಲಾಟಿನಂ ತಂತಿಯನ್ನು ಹಿಡಿದರೆ, ಜ್ವಾಲೆಯೇ ಇಲ್ಲದೆ ಅದು ಕೆಂಪಗೆ ಹೊಳೆಯುತ್ತಲೇ ಇರುತ್ತದೆ. ಪ್ಲಾಟಿನಂ ಒಂದು ಕ್ರಿಯಾವರ್ಧಕ; ತಾನು ಖರ್ಚಾಗದೆ, ತನ್ನ ಮೈಮೇಲೆ ಅನಿಲ ಆಮ್ಲಜನಕದೊಡನೆ ಕೂಡುವಂತೆ ಮಾಡುತ್ತದೆ, ಆ ಕೂಟದ ಶಾಖದಲ್ಲಿ ತಾನೇ ಕಾಯುತ್ತದೆ. ಮೆಥನಾಲಿನ ಆವಿಯೂ ಪ್ಲಾಟಿನಂ ಮೇಲೆ ಹೀಗೆಯೇ ವರ್ತಿಸುತ್ತದೆ. ಒಂದು ಸ್ಫೋಟದ ಶಾಖ, ಮೇಲೆ ಈ ರಾಸಾಯನಿಕ ಕ್ರಿಯೆಯ ಶಾಖ, ಅದರ ಮೇಲೆ ಪಿಸ್ಟನ್ ಒತ್ತಿದ ಗಾಳಿಯ ಶಾಖ. ಮೂರೂ ಸೇರಿ ಮುಂದಿನ ಸ್ಫೋಟಕ್ಕೆ ಸುರುಳಿ ಸಿದ್ಧವಾಗಿರುತ್ತದೆ. 1947ರಲ್ಲಿ ಅಮೆರಿಕದ ರೇ ಆರ್ಡೆನ್ ಈ ತತ್ವದ ಪ್ಲಗ್ಗನ್ನು ಮಾರುಕಟ್ಟೆಗೆ ತಂದ ಮೇಲೆ ಆಟಿಕೆ ವಿಮಾನಗಳು ಕಾಯಿಲ್, ಕಂಡೆನ್ಸರ್, ಬ್ಯಾಟರಿಗಳ ಭಾರವನ್ನು ಕೆಳಗಿಟ್ಟವು.

ಆದರೆ ಈ ಅನುಕೂಲಕ್ಕೆ ಒಂದು ಬೆಲೆ ಇದೆ. ಸ್ಪಾರ್ಕ್ ಪ್ಲಗ್ಗಿಗೆ "ಈಗ ಹೊತ್ತಿಸು" ಎಂದು ಹೇಳುವವರು ಇರುತ್ತಾರೆ. ಗ್ಲೋ ಪ್ಲಗ್ಗಿಗೆ ಯಾರೂ ಹೇಳುವುದಿಲ್ಲ. ಮಿಶ್ರಣ ಎಷ್ಟು ಬಿಸಿ, ಎಷ್ಟು ಒತ್ತಡ, ಸುರುಳಿ ಎಷ್ಟು ಕೆಂಪು ಎಂಬುದರ ಮೇಲೆ ಸ್ಫೋಟದ ಹೊತ್ತು ತಾನಾಗಿಯೇ ನಿರ್ಧಾರವಾಗುತ್ತದೆ. ಇಂಧನ ಕಡಿಮೆಯಾದರೆ ಎಂಜಿನ್ ಬಿಸಿಯಾಗುತ್ತದೆ. ಬಿಸಿಯಾದರೆ ಬೇಗ ಹೊತ್ತಿಕೊಳ್ಳುತ್ತದೆ. ಬೇಗ ಹೊತ್ತಿಕೊಂಡರೆ ಮೇಲೇರುತ್ತಿರುವ ಪಿಸ್ಟನ್ನಿಗೆ ಎದುರು ಏಟು ಬಿದ್ದು ಇನ್ನೂ ಬಿಸಿಯಾಗುತ್ತದೆ. ಎಣ್ಣೆ ಇಂಧನದಲ್ಲೇ ಇರುವುದರಿಂದ, ಇಂಧನ ಕಡಿಮೆಯಾದಾಗ ಎಣ್ಣೆಯೂ ಕಡಿಮೆ. ಬಿಸಿ ಏರುವ ಗಳಿಗೆಯಲ್ಲೇ ಎಣ್ಣೆ ಕೈಕೊಡುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡವನು ತನ್ನ ಎಂಜಿನ್ನನ್ನು ಎಂದೂ ಸುಡುವುದಿಲ್ಲ ಎನ್ನುತ್ತಾರೆ ಅನುಭವಿಗಳು.

ಈಗ ಒಂದು ಸಣ್ಣ ಲೆಕ್ಕ. ಒಂದು ಗ್ರಾಂ ಮೆಥನಾಲ್ ಪೂರ್ತಿ ಉರಿಯಲು ಸುಮಾರು 6.5 ಗ್ರಾಂ ಗಾಳಿ ಬೇಕು. (ಪೆಟ್ರೋಲಿಗಾದರೆ ಹೆಚ್ಚುಕಡಿಮೆ 14.7 ಗ್ರಾಂ.) ನಮ್ಮ 6.5 ಘನ ಸೆಂಟಿಮೀಟರಿನ ಸಿಲಿಂಡರ್ ಪೂರ್ತಿ ತುಂಬಿತೆಂದುಕೊಂಡರೂ ಅದರಲ್ಲಿ ಹಿಡಿಯುವ ಗಾಳಿ 7 ಮಿಲಿಗ್ರಾಂ ಆಸುಪಾಸು. ಹಾಗಾದರೆ ಪ್ರತಿ ಸುತ್ತಿಗೆ ಬೇಕಾದ ಮೆಥನಾಲ್ ಒಂದು ಮಿಲಿಗ್ರಾಮಿಗಿಂತ ತುಸು ಹೆಚ್ಚು! ಒಂದು ಮಿಲಿಗ್ರಾಂ ಎಂದರೆ ಹರಳುಪ್ಪಲ್ಲ, ಪುಡಿ ಉಪ್ಪಿನ ಹತ್ತಾರು ಕಣಗಳ ತೂಕ. ಸೆಕೆಂಡಿಗೆ 200 ಸಲ ಅಷ್ಟನ್ನೇ ಅಳೆದು ಕೊಡುವ ಕೆಲಸ ಒಂದು ಸೂಜಿಯದು. ಕಾರ್ಬುರೇಟರಿನ ಬದಿಯಲ್ಲಿ ತಿರುಪಿನಂತೆ ಕಾಣುವ ನೀಡಲ್ ವಾಲ್ವ್ ಅದೇ. ಬಲಕ್ಕೆ ತಿರುಗಿಸಿದರೆ ಸೂಜಿ ಒಳಹೋಗಿ ಇಂಧನ ಕಡಿಮೆಯಾಗುತ್ತದೆ; ಇದಕ್ಕೆ ಮೈದಾನದ ಭಾಷೆಯಲ್ಲಿ 'ಲೀನ್'. ಎಡಕ್ಕೆ ತಿರುಗಿಸಿದರೆ ಇಂಧನ ಹೆಚ್ಚು, ಅದು 'ರಿಚ್'.

ಸೂಜಿಯ ಸರಿಯಾದ ಜಾಗ ಎಲ್ಲಿ? ಅದನ್ನು ಹೇಳುವುದು ಕಿವಿ.

ಇಲ್ಲಿ ಸಂಗೀತ ಕಲಿಯುವ ವಿದ್ಯಾರ್ಥಿಗಳಿಗೆ ಒಂದು ಅನುಕೂಲವಿದೆ. ನಿಮಿಷಕ್ಕೆ 12,000 ಸುತ್ತು, ಪ್ರತಿ ಸುತ್ತಿಗೂ ಒಂದು ಸ್ಫೋಟ ಎಂದರೆ ಸೆಕೆಂಡಿಗೆ 200 ಸ್ಫೋಟ. ಅಂದರೆ 200 ಹರ್ಟ್ಸ್ ನಾದ. ಇಂಧನ ಬಹಳ ರಿಚ್ ಆದಾಗ ಪ್ರತಿ ಸುತ್ತಿಗೂ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ, ಒಂದು ಬಿಟ್ಟು ಒಂದು ಸುತ್ತಿಗೆ ಹೊತ್ತಿಕೊಳ್ಳುತ್ತದೆ. ಆಗ ಸ್ಫೋಟಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಕಂಪನಾಂಕ ಅರ್ಧವಾದರೆ ಸ್ವರ ಏನಾಗುತ್ತದೆ? ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಮಧ್ಯ ಷಡ್ಜದಿಂದ ಮಂದ್ರ ಷಡ್ಜಕ್ಕೆ. ಹವ್ಯಾಸಿಗಳು ಇದನ್ನು 'ಫೋರ್ ಸ್ಟ್ರೋಕಿಂಗ್' ಎನ್ನುತ್ತಾರೆ. ಸೂಜಿಯನ್ನು ನಿಧಾನವಾಗಿ ಬಲಕ್ಕೆ ತಿರುಗಿಸುತ್ತಾ ಬಂದರೆ ಗೊಗ್ಗರು ದನಿ ಒಮ್ಮೆಲೇ ಮೇಲಿನ ಸ್ಥಾಯಿಗೆ ನೆಗೆಯುತ್ತದೆ. ನಮ್ಮ ಧ್ವನಿಮುದ್ರಕರು ಈ ನೆಗೆತವನ್ನು ಹೆಡ್‌ಫೋನಿನಲ್ಲಿ ಕೇಳಿ, ತಂಬೂರಿಗೆ ಶ್ರುತಿ ಮಾಡುವವರ ಹಾಗೆ ತಲೆದೂಗಿದರು.

ನೆಗೆದ ಮೇಲೂ ಸೂಜಿಯನ್ನು ತಿರುಗಿಸುತ್ತಾ ಹೋದರೆ ವೇಗ ಇನ್ನೂ ಏರುತ್ತದೆ, ಒಂದು ಶಿಖರ ಮುಟ್ಟುತ್ತದೆ, ಅಲ್ಲಿಂದ ಮುಂದೆ ಕುಸಿಯುತ್ತದೆ. ಆ ಶಿಖರದಲ್ಲಿ ದನಿ ಎಷ್ಟು ಚೆಂದವೆಂದರೆ ಕೈ ಅಲ್ಲಿಯೇ ನಿಂತುಬಿಡುತ್ತದೆ. ಅಲ್ಲಿ ನಿಲ್ಲಬಾರದು. ಅಲ್ಲಿಂದ ಎರಡು ಮೂರು ಕ್ಲಿಕ್ ಹಿಂದಕ್ಕೆ, ಅಂದರೆ ರಿಚ್ ಕಡೆಗೆ ಬರಬೇಕು. ಮುನ್ನೂರು ನಾನೂರು ಸುತ್ತು ಕಡಿಮೆಯಾದರೆ ಆಗಲಿ. ಏಕೆಂದರೆ ವಿಮಾನ ಹಾರತೊಡಗಿದಾಗ ಪ್ರೊಪೆಲ್ಲರಿಗೆ ಎದುರುಗಾಳಿ ಸಿಕ್ಕಿ ಅದರ ಹೊರೆ ಇಳಿಯುತ್ತದೆ, ಎಂಜಿನ್ನಿನ ವೇಗ ತಾನಾಗಿ ಏರುತ್ತದೆ, ಮಿಶ್ರಣ ಇನ್ನಷ್ಟು ಲೀನ್ ಆಗುತ್ತದೆ. ಮೂಗು ಮೇಲೆತ್ತಿ ಏರುವಾಗಲಂತೂ ಇಂಧನದ ಟ್ಯಾಂಕ್ ಕಾರ್ಬುರೇಟರಿಗಿಂತ ಕೆಳಗಾಗುವುದರಿಂದ ಅಷ್ಟು ಎತ್ತರಕ್ಕೆ ಇಂಧನವನ್ನು ಎಳೆದುಕೊಳ್ಳಬೇಕು. ನೆಲದ ಮೇಲೆ ಶಿಖರದಲ್ಲಿದ್ದ ಎಂಜಿನ್ ಆಕಾಶದಲ್ಲಿ ಶಿಖರದಿಂದ ಆಚೆಗೆ ಜಾರುತ್ತದೆ.

ಈಗ ನನ್ನ ತಪ್ಪಿಗೆ ಬರೋಣ.

ಒಂದು ಪಾಲಿಟೆಕ್ನಿಕ್ಕಿನ ಎಂಟು ವಿದ್ಯಾರ್ಥಿಗಳು ಹಣ ಕೂಡಿಸಿ ಈ ಎಂಜಿನ್ ಕೊಂಡಿದ್ದರು. ಅವರ ಬಳಿ ಇದ್ದದ್ದು ಅದೊಂದೇ. ಊರಾಚೆಯ ಬಯಲಿನಲ್ಲಿ ಚಿತ್ರೀಕರಣ. ಹಾರಿಸುವ ಹುಡುಗ ನಾನು ಈಗ ಹೇಳಿದ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿ, ಎಂಜಿನ್ನನ್ನು ತುಸು ರಿಚ್ ಆಗಿ ಇಟ್ಟಿದ್ದ. ಸೈಲೆನ್ಸರಿನಿಂದ ಬಿಳಿ ಹೊಗೆಯ ಎಳೆ ಬರುತ್ತಿತ್ತು. ಅದು ಎಂಜಿನ್ನಿಗೆ ಸಾಕಷ್ಟು ಎಣ್ಣೆ ಸಿಗುತ್ತಿದೆ ಎಂಬುದರ ಗುರುತು. ಆದರೆ ಬೆಳಗಿನ ಎದುರುಬಿಸಿಲಿನಲ್ಲಿ ಆ ಹೊಗೆ ಚಿತ್ರವನ್ನು ಮಸುಕು ಮಾಡುತ್ತಿದೆ ಎಂದು ಕ್ಯಾಮೆರಾದವರು ಗೊಣಗಿದರು. ನಾನು ಬಿ.ಎಸ್ಸಿ. ಓದಿದವನು, ಇಪ್ಪತ್ತು ವರ್ಷಗಳಿಂದ ವಿಜ್ಞಾನ ಕಾರ್ಯಕ್ರಮ ಮಾಡುತ್ತಿರುವವನು. "ಸ್ವಲ್ಪ ಹೊಗೆ ಕಡಿಮೆ ಮಾಡಪ್ಪ" ಎಂದೆ. ಹುಡುಗ ಒಂದು ಕ್ಷಣ ತಡೆದ. "ಲೀನ್ ಆಗತ್ತೆ ಸಾರ್" ಎಂದ. "ಒಂದೇ ಶಾಟ್" ಎಂದೆ. ಅವನು ಸೂಜಿಯನ್ನು ನಾಲ್ಕು ಕ್ಲಿಕ್ ಬಲಕ್ಕೆ ತಿರುಗಿಸಿದ. ಹೊಗೆ ಮಾಯವಾಯಿತು. ದನಿ ತಂತಿಯಂತೆ ಬಿಗಿಯಾಯಿತು. ನನಗೆ ಬಹಳ ಸಂತೋಷವಾಯಿತು.

ವಿಮಾನ ನೆಲ ಬಿಟ್ಟು ಎರಡು ತೆಂಗಿನ ಮರದೆತ್ತರ ಏರಿತು. ದನಿ ಇನ್ನೂ ಒಂದಿಷ್ಟು ಏರಿ, ಯಾರೋ ಕೈಯಿಟ್ಟು ಅಮುಕಿದಂತೆ ಕುಗ್ಗಿ, ನಿಂತಿತು. ಎಂಜಿನ್ ನಿಂತಾಗ ಮೂಗು ತಗ್ಗಿಸಿ ನೇರ ಮುಂದಕ್ಕೇ ಇಳಿಸಬೇಕು. ಹುಡುಗ ಗಾಬರಿಯಲ್ಲಿ ನಮ್ಮ ಕಡೆಗೆ ತಿರುಗಿಸಲು ಹೋದ. ವೇಗ ಸಾಲದೆ ಒಂದು ರೆಕ್ಕೆ ಜಾರಿ, ಮೂಗು ಕೆಳಗಾಗಿ ಉತ್ತ ಹೊಲಕ್ಕೆ ಬಿತ್ತು. ಹನ್ನೆರಡು ದಿನಗಳಲ್ಲಿ ಅವರಿಗೊಂದು ಸ್ಪರ್ಧೆಯಿತ್ತು.

ಅವರ ವರ್ಕ್‌ಶಾಪ್ ಮೇಷ್ಟ್ರು ಮಾಡಿದ ಮೊದಲ ಕೆಲಸವನ್ನು ನೀವು ಗಮನಿಸಬೇಕು. ಪ್ರೊಪೆಲ್ಲರನ್ನು ತಿರುಗಿಸಿ ನೋಡಲು ಕೈ ಚಾಚಿದ ಹುಡುಗನನ್ನು ತಡೆದರು. ಮಣ್ಣು ಹೊಕ್ಕ ಎಂಜಿನ್ನನ್ನು ಒಂದೇ ಒಂದು ಸುತ್ತು ತಿರುಗಿಸಿದರೂ ಮರಳು ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಸಿಕ್ಕಿ ಗೀರು ಹಾಕುತ್ತದೆ. ಮೊದಲು ಬಿಚ್ಚಬೇಕು, ತೊಳೆಯಬೇಕು, ಆಮೇಲೆ ತಿರುಗಿಸಬೇಕು. ಎಂಜಿನ್ನನ್ನು ಬಿಡಿಸಿಕೊಂಡು, ಪ್ಲಗ್ ಕಳಚಿ, ಭೂತಗನ್ನಡಿಯಲ್ಲಿ ಅದರ ಸುರುಳಿಯನ್ನು ನೋಡಿದರು. ಆರೋಗ್ಯವಂತ ಪ್ಲಗ್ಗಿನ ಸುರುಳಿ ಬೆಳ್ಳಿಯಂತೆ ಹೊಳೆಯುತ್ತದೆ. ಇದು ಬೂದು ಬಣ್ಣಕ್ಕೆ ತಿರುಗಿ ಒರಟಾಗಿತ್ತು. ಲೀನ್ ಓಟದ ಸಹಿ ಅದು. ಮೇಷ್ಟ್ರು ಹುಡುಗನಿಗೆ ಏನೂ ಹೇಳಲಿಲ್ಲ, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು.

ಒಂದು ವಾರದಲ್ಲಿ ಅವರು ವಿಮಾನದ ಮೂಗು ಅಂಟಿಸಿ, ಎಂಜಿನ್ ತೊಳೆದು, ಹೊಸ ಪ್ಲಗ್, ಹೊಸ ಪ್ರೊಪೆಲ್ಲರ್ ಹಾಕಿದರು. ಸಿಲಿಂಡರ್ ಪುಣ್ಯಕ್ಕೆ ಉಳಿದಿತ್ತು. ಎರಡನೆಯ ಚಿತ್ರೀಕರಣಕ್ಕೆ ಮತ್ತೆ ಅದೇ ಬಯಲು.

ಆ ದಿನದ ಚಾಲನೆಯ ಕ್ರಮವನ್ನು ಪರದೆಯಲ್ಲಿ ನೋಡಿದ್ದೀರಿ, ಇಲ್ಲಿ ಬೇಗ ಹೇಳುತ್ತೇನೆ. ಸೂಜಿಯನ್ನು ಪೂರ್ತಿ ಮುಚ್ಚಿ (ಬಿಗಿಯಾಗಿ ಅಲ್ಲ, ತಾಗುವವರೆಗೆ), ಎರಡೂವರೆ ಸುತ್ತು ತೆರೆಯಬೇಕು. ಗಾಳಿಯ ಬಾಯಿಯನ್ನು ಬೆರಳಿನಿಂದ ಮುಚ್ಚಿ, ಪ್ಲಗ್ಗಿಗೆ ಸೆಲ್ ಕೊಡದೆ, ಪ್ರೊಪೆಲ್ಲರನ್ನು ಎರಡು ಮೂರು ಸುತ್ತು ತಿರುಗಿಸಿದರೆ ಕೊಳವೆಯಲ್ಲಿ ಇಂಧನ ಕಾರ್ಬುರೇಟರಿನವರೆಗೆ ಬರುವುದು ಕಾಣುತ್ತದೆ. ಆಮೇಲೆ ಸೆಲ್, ಆಮೇಲೆ ಚಾಲನೆ. ಪ್ರೊಪೆಲ್ಲರ್ ಅಲುಗಾಡದೆ ಸಿಕ್ಕಿಕೊಂಡರೆ ಬಲ ಹಾಕಬೇಡಿ: ಸಿಲಿಂಡರಿನಲ್ಲಿ ಇಂಧನ ತುಂಬಿಕೊಂಡಿದೆ, ದ್ರವವನ್ನು ಒತ್ತಿ ಕುಗ್ಗಿಸಲಾಗದು, ಬಗ್ಗುವುದು ಕನೆಕ್ಟಿಂಗ್ ರಾಡ್. ಪ್ಲಗ್ ಬಿಚ್ಚಿ, ತಲೆ ಕೆಳಗೆ ಮಾಡಿ ಬಸಿಯಿರಿ.

ಪ್ರೊಪೆಲ್ಲರಿನ ಬಗ್ಗೆ ಒಂದು ಅಂಕಿ ಸಾಕು. ಹತ್ತು ಅಂಗುಲದ ಪ್ರೊಪೆಲ್ಲರ್ ನಿಮಿಷಕ್ಕೆ 12,000 ಸುತ್ತು ತಿರುಗುವಾಗ ಅದರ ತುದಿ ಸೆಕೆಂಡಿಗೆ 160 ಮೀಟರ್, ಅಂದರೆ ಗಂಟೆಗೆ 570 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುತ್ತದೆ. ಬೆರಳಿನಿಂದಲ್ಲ, ರಬ್ಬರು ಸುತ್ತಿದ ಕೋಲಿನಿಂದ ಚಾಲನೆ ಕೊಡಿ. ಓಡುತ್ತಿರುವಾಗ ಸೂಜಿಯನ್ನಾಗಲಿ ಸೆಲ್ಲನ್ನಾಗಲಿ ಮುಟ್ಟುವುದು ಹಿಂದಿನಿಂದ. ಕೊರಳಿನ ಐಡಿ ಕಾರ್ಡು, ದುಪಟ್ಟಾ ಮನೆಯಲ್ಲಿರಲಿ. ಇಂಧನ ವಿಷ ಎಂಬುದನ್ನೂ ಮರೆಯಬಾರದು. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದು ಇದೇ ಮಿಥೈಲ್ ಆಲ್ಕೊಹಾಲಿನಿಂದ. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದೂ ಕಷ್ಟ. ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ; ಬೆರೆಸುವ ಕೆಲಸ ದೊಡ್ಡವರಿಗಿರಲಿ.

ಎಂಜಿನ್ ಹತ್ತಿತು. ಹುಡುಗ ಶ್ರುತಿ ಹಿಡಿದ. ಈ ಸಲ ಹೊಗೆಯ ವಿಷಯ ಯಾರೂ ಎತ್ತಲಿಲ್ಲ. ಥ್ರಾಟಲ್ ಪೂರ್ತಿ ತೆರೆದು, ಇಬ್ಬರು ವಿಮಾನವನ್ನು ಗಟ್ಟಿಯಾಗಿ ಹಿಡಿದು ಮೂಗನ್ನು ಆಕಾಶಕ್ಕೆ ಎತ್ತಿ ಹಿಡಿದರು. ಏರುವಾಗ ಆಗುವುದನ್ನು ನೆಲದಲ್ಲೇ ಕಂಡುಕೊಳ್ಳುವ ಪರೀಕ್ಷೆ ಇದು. ದನಿ ಒಂದಿಷ್ಟು ಏರಿ ನಿಂತರೆ ಪಾಸು, ಕುಸಿದರೆ ಲೀನ್. ಪಾಸಾಯಿತು. ಹಾರಿಸಬಹುದಿತ್ತು. ಆದರೆ ನಮ್ಮ ಸಂದರ್ಶನದ ಭಾಗ ಬಾಕಿಯಿತ್ತು. ಓಡುತ್ತಿರುವ ಎಂಜಿನ್ನಿನ ಪಕ್ಕದಲ್ಲಿ ವಿದ್ಯಾರ್ಥಿನಿಯೊಬ್ಬಳು ವಿವರಿಸುವ ದೃಶ್ಯ. ಗಾಳಿ ಮೈಕಿಗೆ ಹೊಡೆದು ಒಂದು ಟೇಕ್ ಹೋಯಿತು, ದಾರಿಯಲ್ಲಿ ಟ್ರಾಕ್ಟರ್ ಬಂದು ಇನ್ನೊಂದು. ನಾಲ್ಕೈದು ನಿಮಿಷ ಕಳೆಯಿತು. ಹುಡುಗ ರೇಡಿಯೋ ಹಿಡಿದು ಸಿದ್ಧನಾದ. ಆ ವಿದ್ಯಾರ್ಥಿನಿ, "ಇನ್ನೊಂದು ಸಲ ಮೂಗೆತ್ತಿ ನೋಡೋಣ" ಎಂದಳು. ಈಗಷ್ಟೇ ನೋಡಿದೆವಲ್ಲ ಎಂದು ನಾನೇ ಮೊದಲು ಹೇಳಿದೆ. ಎತ್ತಿದರು. ಎರಡು ಸೆಕೆಂಡಿನಲ್ಲಿ ಎಂಜಿನ್ ಸತ್ತುಹೋಯಿತು.

ಇಲ್ಲಿಂದ ಮುಂದಿನ ಅರ್ಧ ಗಂಟೆಯನ್ನು ನಾವು ಪ್ರಸಾರದಲ್ಲಿ ಮೂರು ನಿಮಿಷಕ್ಕೆ ಕತ್ತರಿಸಬೇಕಾಯಿತು. ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದ ಸಾರ ಅದೇ.

ಹುಡುಗ ಹೇಳಿದ: ಲೀನ್. ಸೂಜಿ ಮೂರು ಕ್ಲಿಕ್ ಎಡಕ್ಕೆ. ನೆಟ್ಟಗಿದ್ದಾಗ ಚೆನ್ನಾಗಿ ಓಡಿತು, ಮೂಗೆತ್ತಿದರೆ ಸತ್ತಿತು. ಇನ್ನೂ ನಾಲ್ಕು ಕ್ಲಿಕ್. ಈಗ ನೆಟ್ಟಗಿರುವಾಗಲೇ ಗೊಗ್ಗರು ದನಿ, ಮಂದ್ರ ಸ್ಥಾಯಿ, ಹೊಗೆಯೋ ಹೊಗೆ. ಮೂಗೆತ್ತಿದರೆ ಆಗಲೂ ಸಾವು. ಇಲ್ಲಿ ನಿಂತು ಯೋಚಿಸಬೇಕು. ಸೂಜಿಯ ದೋಷವಾಗಿದ್ದರೆ ಸೂಜಿ ತೆರೆದಂತೆಲ್ಲ ಒಂದಿಷ್ಟಾದರೂ ಸುಧಾರಿಸಬೇಕಿತ್ತು. ಏಳು ಕ್ಲಿಕ್ಕಿಗೂ ಕಿಂಚಿತ್ತೂ ಬದಲಾಗದ ಕಾಯಿಲೆ ಸೂಜಿಯದಲ್ಲ. ಮೇಷ್ಟ್ರು ಸೂಜಿಯನ್ನು ಮೊದಲಿನ ಜಾಗಕ್ಕೇ ತರಿಸಿದರು. ಇದು ದೊಡ್ಡ ಪಾಠ: ಫಲ ಕೊಡದ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳದಿದ್ದರೆ, ಮುಂದೆ ಕಾಯಿಲೆ ಒಂದಲ್ಲ, ಎರಡಾಗುತ್ತದೆ.

ಯಾರೋ ಪ್ಲಗ್ ಎಂದರು. ಪ್ಲಗ್ ದುರ್ಬಲವಾಗಿದ್ದರೆ ಸೆಲ್ ತೆಗೆದ ಕೂಡಲೇ ವೇಗ ಇಳಿಯಬೇಕು. ಇಲ್ಲಿ ಇಳಿಯುತ್ತಿರಲಿಲ್ಲ. ಪ್ಲಗ್ಗಿಗೆ ಮೂಗು ಮೇಲಿದೆಯೋ ಕೆಳಗಿದೆಯೋ ಎಂಬುದು ಗೊತ್ತೂ ಆಗುವುದಿಲ್ಲ. ಇನ್ನೊಬ್ಬ, ಎಂಜಿನ್ನಿನ ಹಿಂಬದಿಯ ಮುಚ್ಚಳದಲ್ಲೋ ಕಾರ್ಬುರೇಟರಿನ ಬುಡದಲ್ಲೋ ಗಾಳಿ ಸೋರುತ್ತಿದೆ ಎಂದ. ಒಳ್ಳೆಯ ಅನುಮಾನ. ಬಿಚ್ಚಿ ಜೋಡಿಸಿದ ಎಂಜಿನ್ನಿನಲ್ಲಿ ಅದು ಸಾಮಾನ್ಯ. ಆದರೆ ಹಾಗೆ ಸೋರುವ ಎಂಜಿನ್ ನೆಟ್ಟಗಿರುವಾಗಲೂ ಒಂದು ಶ್ರುತಿಯಲ್ಲಿ ನಿಲ್ಲುವುದಿಲ್ಲ, ತಾನೇ ಏರುತ್ತಾ ಇಳಿಯುತ್ತಾ ಅಲೆದಾಡುತ್ತದೆ. ನಮ್ಮದು ಗಟ್ಟಿಯಾಗಿ ನಿಂತಿತ್ತು.

ಅಷ್ಟರಲ್ಲಿ ವಿದ್ಯಾರ್ಥಿನಿ ಎಂಜಿನ್ ನೋಡುವುದನ್ನು ಬಿಟ್ಟು ಇಂಧನದ ಕೊಳವೆಯನ್ನು ನೋಡುತ್ತಿದ್ದಳು. ಸಿಲಿಕೋನ್ ಕೊಳವೆ ಅರೆಪಾರದರ್ಶಕ. ಮೂಗೆತ್ತಿದ ಕೂಡಲೇ ಅದರಲ್ಲಿ ಗುಳ್ಳೆಗಳ ಸಾಲು ಬರುವುದನ್ನು ಅವಳು ಕಂಡಳು. ಅಂದರೆ ಎಂಜಿನ್ ನಿರಪರಾಧಿ. ಅದಕ್ಕೆ ಬರುತ್ತಿರುವುದೇ ಗಾಳಿ. ಹಾಗಾದರೆ ಕೊಳವೆಯಲ್ಲಿ ತೂತೇ? ಟ್ಯಾಂಕಿನಲ್ಲಿ ಇಂಧನ ಅದುರಿ ನೊರೆಯಾಗುತ್ತಿದೆಯೇ? ನೊರೆಯಾದರೆ ನೆಟ್ಟಗಿರುವಾಗಲೂ ಆಗಬೇಕು. ಟ್ಯಾಂಕಿಗೆ ಸ್ಪಂಜು ಸುತ್ತಿಯೂ ಇತ್ತು. ಅವಳು ಕೇಳಿದ ಪ್ರಶ್ನೆ ಇದು: "ಬೆಳಿಗ್ಗೆ ಇದೇ ಪರೀಕ್ಷೆ ಪಾಸಾಗಿತ್ತಲ್ಲ, ಆಗಿನಿಂದ ಈಗಿನವರೆಗೆ ಬದಲಾದದ್ದು ಏನು?" ಸೂಜಿ ಬದಲಾಗಿರಲಿಲ್ಲ, ಪ್ಲಗ್ ಬದಲಾಗಿರಲಿಲ್ಲ. ಆಗ ಟ್ಯಾಂಕ್ ತುಂಬಿತ್ತು, ಈಗ ಅರ್ಧಕ್ಕಿಂತ ಕೆಳಗಿತ್ತು.

ಟ್ಯಾಂಕ್ ತುಂಬಿಸಿ ಮೂಗೆತ್ತಿದರು. ಎಂಜಿನ್ ಏನೂ ಆಗಿಲ್ಲವೆಂಬಂತೆ ಹಾಡಿತು.

ಈಗ ನೀವೇ ಹೇಳಬಲ್ಲಿರಿ. ಟ್ಯಾಂಕಿನ ಒಳಗೆ ಒಂದು ಮೆದು ಕೊಳವೆಯಿದೆ, ಅದರ ತುದಿಗೆ ಹಿತ್ತಾಳೆಯ ಪುಟ್ಟ ಭಾರ. ಇದಕ್ಕೆ ಕ್ಲಂಕ್ ಎಂದು ಹೆಸರು. ಟ್ಯಾಂಕ್ ಅಲುಗಿಸಿದರೆ ಅದು ಮಾಡುವ ಶಬ್ದವೂ ಅದೇ. ವಿಮಾನ ಹೇಗೇ ಹೊರಳಲಿ, ಇಂಧನ ಹೋದ ಕಡೆಗೆ ಈ ಭಾರವೂ ಹೋಗುತ್ತದೆ. ಅದು ಇರಬೇಕಾದದ್ದು ಟ್ಯಾಂಕಿನ ಹಿಂಭಾಗದಲ್ಲಿ. ಏರುವಾಗ ಇಂಧನ ಹಿಂದಕ್ಕೆ ಹರಿಯುತ್ತದೆ. ಮೊದಲ ದಿನ ವಿಮಾನ ಮೂಗು ಕೆಳಗಾಗಿ ಬಿದ್ದಾಗ ಜಡತ್ವದಿಂದ ಆ ಭಾರ ಮುಂದಕ್ಕೆ ನುಗ್ಗಿ, ಕೊಳವೆ ಮಡಚಿಕೊಂಡು, ಟ್ಯಾಂಕಿನ ಮುಂಭಾಗದಲ್ಲಿ ಸಿಕ್ಕಿಕೊಂಡಿತ್ತು. ನ್ಯೂಟನ್ನರ ಮೊದಲ ನಿಯಮಕ್ಕೆ ಇದಕ್ಕಿಂತ ದುಬಾರಿ ಉದಾಹರಣೆಯನ್ನು ನಾನು ಕಂಡಿಲ್ಲ. ಟ್ಯಾಂಕ್ ತುಂಬಿದ್ದಾಗ ಮುಂಭಾಗದಲ್ಲೂ ಇಂಧನ ಇರುವುದರಿಂದ ತೊಂದರೆ ತಿಳಿಯದು. ನೆಟ್ಟಗಿರುವಾಗಲೂ ತಿಳಿಯದು. ಅರ್ಧ ಖಾಲಿಯಾಗಿ, ಮೂಗೆತ್ತಿದಾಗ ಮಾತ್ರ ಕ್ಲಂಕ್ ಗಾಳಿಯಲ್ಲಿ ತೇಲುತ್ತದೆ. ಸಂದರ್ಶನ ತಡವಾಗದೆ ಹೋಗಿದ್ದರೆ ಮೂರು ನಾಲ್ಕು ನಿಮಿಷ ಹಾರಿ, ಯಾವುದೋ ಏರಿನಲ್ಲಿ ಅದು ಮತ್ತೆ ಬೀಳುತ್ತಿತ್ತು. ನಾವು ಮತ್ತೆ ಸೂಜಿಯನ್ನೇ, ಅಥವಾ ಹುಡುಗನನ್ನೇ, ಬೈಯುತ್ತಿದ್ದೆವು. ಟ್ಯಾಂಕ್ ಬಿಚ್ಚಿದಾಗ ಅವಳು ಹೇಳಿದ ಹಾಗೆಯೇ ಇತ್ತು.

ಪುಸ್ತಿಕೆಯಲ್ಲಿ ಜಾಗ ಇರುವುದರಿಂದ, ಪರದೆಯಲ್ಲಿ ಹೇಳಲಾಗದ ಕೆಲವನ್ನು ಸೇರಿಸುತ್ತೇನೆ.

ಕೊಳವೆಯನ್ನು ಚಿವುಟುವ ಪರೀಕ್ಷೆ. ಪೂರ್ತಿ ವೇಗದಲ್ಲಿ ಓಡುವಾಗ ಇಂಧನದ ಕೊಳವೆಯನ್ನು ಒಂದು ಕ್ಷಣ ಚಿವುಟಿ ಬಿಡಿ. ವೇಗ ತುಸು ಏರಿ ಮತ್ತೆ ಮೊದಲಿನಂತಾದರೆ ಶ್ರುತಿ ಸರಿ. ಬಹಳ ಏರಿದರೆ ರಿಚ್. ಏರದೆ ಕುಸಿದರೆ ಲೀನ್. ತಕ್ಷಣ ಸೂಜಿ ತೆರೆಯಿರಿ. ನಿಧಾನ ವೇಗಕ್ಕೆ ಬೇರೆಯೇ ಒಂದು ತಿರುಪು ಇರುತ್ತದೆ. ಅದನ್ನು ಮುಟ್ಟುವುದು ದೊಡ್ಡ ಸೂಜಿಯ ಕೆಲಸ ಮುಗಿದ ಮೇಲೆಯೇ. ನಿಧಾನವಾಗಿ ಓಡುತ್ತಿರುವ ಎಂಜಿನ್ನಿನ ಥ್ರಾಟಲನ್ನು ಸರಕ್ಕನೆ ತೆರೆದಾಗ ಗೊರಗೊರ ಎಂದು ಹೊಗೆಯುಗುಳಿ ತಡವಾಗಿ ಎದ್ದರೆ ಆ ತಿರುಪು ರಿಚ್, ಸದ್ದಿಲ್ಲದೆ ಪಟ್ಟನೆ ನಿಂತರೆ ಲೀನ್. ಯಾವ ತಿರುಪನ್ನು ತಿರುಗಿಸಿದರೂ ಎರಡು ಮೂರು ಸೆಕೆಂಡು ಕಾಯಿರಿ, ಎಂಜಿನ್ ತಡವಾಗಿ ಉತ್ತರಿಸುತ್ತದೆ. ಅವಸರದವರು ಉತ್ತರ ಬರುವ ಮೊದಲೇ ಎರಡನೆಯ ಪ್ರಶ್ನೆ ಕೇಳಿಬಿಡುತ್ತಾರೆ.

ಊರು ಬದಲಾದರೆ ಶ್ರುತಿಯೂ ಬದಲಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಶೇಕಡ ಎಂಟರಷ್ಟು ವಿರಳ. ಮಂಗಳೂರಿನಲ್ಲಿ ಶ್ರುತಿ ಹಿಡಿದ ಎಂಜಿನ್ ಬೆಂಗಳೂರಿನಲ್ಲಿ ರಿಚ್ ಎನಿಸುತ್ತದೆ, ಶಕ್ತಿಯೂ ಅಷ್ಟು ಕಡಿಮೆ. ಅದು ತೊಂದರೆಯಲ್ಲ. ಇಲ್ಲಿ ಶ್ರುತಿ ಹಿಡಿದದ್ದನ್ನು ಅಲ್ಲಿ ಹಾಗೆಯೇ ಹಾರಿಸುವುದು ತೊಂದರೆ. ಇಂಧನದ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮೆಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಕಾರಣವಿಲ್ಲದೆ ಹಟ ಮಾಡುವ ಎಂಜಿನ್ನಿಗೆ ಕಾರಣ ಎಷ್ಟೋ ಸಲ ಹಳೆಯ ಇಂಧನ.

ಇಂದು ಹೊಸದಾಗಿ ಹಾರಿಸುವವರು ಹೆಚ್ಚಾಗಿ ವಿದ್ಯುತ್ ಮೋಟಾರಿನಿಂದಲೇ ಆರಂಭಿಸುತ್ತಾರೆ. ಅದು ಸುಲಭ, ಸ್ವಚ್ಛ, ನಿಶ್ಶಬ್ದ, ನನಗೆ ಜಗಳವಿಲ್ಲ. ಏನನ್ನೇ ಹಾರಿಸಿ, 2021ರ ಡ್ರೋನ್ ನಿಯಮಗಳು ಇಂಥ ಮಾದರಿಗಳನ್ನೂ ಒಳಗೊಳ್ಳುತ್ತವೆ. ನಿಮ್ಮ ಬಯಲು ಯಾವ ವಲಯದಲ್ಲಿದೆ ಎಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಂಡು, ಕಣ್ಣಳತೆಯೊಳಗೆ ಹಾರಿಸಿ. ಎನ್.ಸಿ.ಸಿ. ವಾಯುದಳದ ಘಟಕವಿರುವ ಕಾಲೇಜಾದರೆ ಏರೋಮಾಡೆಲಿಂಗ್ ಕಲಿಸುವವರು ಸಿಗಬಹುದು, ವಿಚಾರಿಸಿ.

ದಿನದ ಕೊನೆಯ ಕೆಲಸವನ್ನು ಬಹಳ ಜನ ತಪ್ಪಿಸುತ್ತಾರೆ. ಟ್ಯಾಂಕ್ ಖಾಲಿ ಮಾಡಿ, ಕೊಳವೆಯಲ್ಲಿ ಉಳಿದ ಇಂಧನ ಮುಗಿಯುವವರೆಗೆ ಎಂಜಿನ್ ಓಡಿಸಿ, ಕಾರ್ಬುರೇಟರಿಗೂ ಪ್ಲಗ್ಗಿನ ತೂತಿಗೂ ನಾಲ್ಕು ಹನಿ ತೆಳು ಎಣ್ಣೆ ಬಿಟ್ಟು ಪ್ರೊಪೆಲ್ಲರನ್ನು ಹತ್ತು ಸಲ ಕೈಯಿಂದ ತಿರುಗಿಸಬೇಕು. ಮಾಡದಿದ್ದರೆ ಇಂಧನದ ಶೇಷ ಮತ್ತು ತೇವ ಸೇರಿ ಬೇರಿಂಗುಗಳಿಗೆ ತುಕ್ಕು ಹಿಡಿಯುತ್ತದೆ.

ಆ ಸಂಜೆ ವಿಮಾನ ಹಾರಿತು, ಹನ್ನೊಂದು ನಿಮಿಷ. ಕ್ಯಾಮೆರಾದವರು ಸೂರ್ಯನಿಗೆ ಬೆನ್ನು ಮಾಡಿ ನಿಂತರು. ಮೊದಲ ದಿನವೇ ನಾನು ಅವರನ್ನು ಅಲ್ಲಿ ನಿಲ್ಲಿಸಬೇಕಿತ್ತು. ಪರದೆಯಲ್ಲಿ ನೀವು ನೋಡಿದ ಬಿಳಿ ಹೊಗೆ ಆ ಸಂಜೆಯದು. ವಿಮಾನ ಇಳಿದ ಮೇಲೆ ಹುಡುಗ ರೆಕ್ಕೆಯ ಕೆಳಗೆ ಮಾರ್ಕರ್ ಪೆನ್ನಿನಲ್ಲಿ ಸೂಜಿಯ ಅಳತೆಯನ್ನು ಬರೆದ: ಎರಡು ಸುತ್ತು, ಐದು ಕ್ಲಿಕ್. ಅದರ ಪಕ್ಕದಲ್ಲಿ ವಿದ್ಯಾರ್ಥಿನಿ ಇನ್ನೊಂದು ಸಾಲು ಸೇರಿಸಿದಳು: ಟ್ಯಾಂಕ್ ಅರ್ಧವಾದ ಮೇಲೆ ಮತ್ತೊಮ್ಮೆ ಮೂಗೆತ್ತಿ ನೋಡು.